ಒಂದು, ಮೂರು, ನಾಲ್ಕು, ಎರಡು

ಈ ಸಲದ ಆಯುಧಪೂಜೆಗೆ ವಿಭೂತಿ ಬಟ್ಟಲು ಹಿಡಿದು ಹೊಸ ಕಾರಿನ ಬಾನೆಟ್ ಎತ್ತಿದೆ. ಎಂಜಿನ್ ಕಾಣಲಿಲ್ಲ. ಅದರ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳವೊಂದು ಮಲಗಿ, ನನ್ನಂಥವರನ್ನು ದೂರವಿಡುವ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿತ್ತು. ಜಗಲಿಯಿಂದ ಹೆಂಡತಿ, "ಏನ ಕೀಳಾನ ಅಂತ ನೋಡ್ತಿದ್ದೀರಿ?" ಎಂದಳು. ಇಪ್ಪತ್ತೆಂಟು ವರ್ಷದ ಹಿಂದಿನ ಅಪರಾಧಕ್ಕೆ ಇನ್ನೂ ಕ್ಷಮೆ ಸಿಕ್ಕಿಲ್ಲವೆಂದು ತಿಳಿಯಿತು.

ಆಗ ಮಾಂಬಳ್ಳಿಯ ನಮ್ಮ ಮನೆಗೆ ಹಳೆಯ ಸಣ್ಣ ಕಾರೊಂದು ಬಂದಿತ್ತು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದರದು ದೊಡ್ಡ ವಂಶವೆಂದು ಕೊಳ್ಳೇಗಾಲದ ಮೆಕ್ಯಾನಿಕ್ ಅಪ್ಪನಿಗೆ ಹೇಳಿದ್ದ. ಅದನ್ನೇ ಕೊಂಚ ಹಿಗ್ಗಿಸಿ ಜೀಪಿಗೆ, ಕೊಂಚ ಕುಗ್ಗಿಸಿ ವ್ಯಾನಿಗೆ ಇಟ್ಟಿದ್ದಾರಂತೆ. ಒಂದರ ಸಾಮಾನು ಇನ್ನೊಂದಕ್ಕೆ ಕೂರುತ್ತದಂತೆ. "ಅಂದ್ರೆ ಒಂದೇ ಬೆಡಗು ಅನ್ನು" ಎಂದರು ಅಪ್ಪ. ನಮ್ಮಲ್ಲಿ ಹೆಣ್ಣು ತರುವ ಮುಂಚೆ ಕೇಳುವುದು ಬೆಡಗನ್ನೇ, ಬೇರೆಯವರು ಗೋತ್ರ ಕೇಳುವಂತೆ. ಎರಡು ಮನೆಯದೂ ಒಂದೇ ಆದರೆ ಅಣ್ಣತಂಗಿಯರ ಲೆಕ್ಕ, ಕೊಡುವುದು ತರುವುದು ಇಲ್ಲ. ಎಂಜಿನ್ನುಗಳಲ್ಲಿ ಒಂದೇ ಬೆಡಗಾದರೆ ಮಾತ್ರ ಕೊಡುವುದು, ತರುವುದು. ಈ ತಲೆಕೆಳಗಾದ ಧರ್ಮವನ್ನು ಅಪ್ಪ ತಿಂಗಳುಗಟ್ಟಲೆ ಊರಿಗೆ ಬೋಧಿಸಿದರು.

ಆ ವಿಜಯದಶಮಿಗೆ ಲೊಕ್ಕನಹಳ್ಳಿಯಲ್ಲಿ ನನಗೆ ಹೆಣ್ಣು ನೋಡುವುದೆಂದಾಯಿತು. ಬೆಡಗು ಬೇರೆ, ಮನೆ ಒಳ್ಳೆಯದು. ಫೋಟೋ ನೋಡಿದ್ದೆ. ನೋಡಿದ್ದೆ ಎನ್ನುವುದಕ್ಕಿಂತ ವಾಪಸು ಕೊಟ್ಟಿರಲಿಲ್ಲ ಎನ್ನುವುದು ಸರಿ. ಹನ್ನೊಂದರೊಳಗೆ ಬನ್ನಿ, ಮಧ್ಯಾಹ್ನಕ್ಕೆ ಇನ್ನೊಂದು ಕಡೆಯವರಿದ್ದಾರೆ ಎಂದು ಅವರು ಹೇಳಿಕಳಿಸಿದ್ದರು.

ಹಿಂದಿನ ಸಂಜೆ ಆಯುಧಪೂಜೆ. ಎಂಜಿನ್ನಿಗೆ ನೀರು ಹೊಯ್ಯಬಾರದೆಂಬ ಜ್ಞಾನ ನನಗಿತ್ತು. ಇದ್ದದ್ದು ಅಷ್ಟೇ. ಒಂದು ದುಂಡನೆಯ ಟೋಪಿಯಿಂದ ಹೊರಟ ನಾಲ್ಕು ವೈರುಗಳು ನಾಲ್ಕು ಸಿಲಿಂಡರಿಗೆ ಅಡ್ಡಾದಿಡ್ಡಿಯಾಗಿ ಹೋಗಿದ್ದವು. ಎಂಜಿನ್ನಿಗೆ ಕಿಡಿ ಮುಟ್ಟಿಸುವುದು ಅವೇ. ಮೊದಲನೆಯದನ್ನು ಬಿಟ್ಟು ಉಳಿದ ಮೂರನ್ನು ಟೋಪಿಯಿಂದ ಕಿತ್ತು, ಒರೆಸಿ, ವಿಭೂತಿ ಹಚ್ಚಿ, ಪಂಕ್ತಿಯಲ್ಲಿ ಬಡಿಸುವಂತೆ ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಸಿಕ್ಕಿಸಿದೆ. ನೀವೇ ಹೇಳಿ, ಎಲೆ ದಾಟಿ ಬಡಿಸುವುದು ಮರ್ಯಾದಸ್ಥರ ಲಕ್ಷಣವೇ? ಅಪ್ಪನೂ ಬಗ್ಗಿ ನೋಡಿ, "ಈಗ ಲಕ್ಷಣವಾಗದೆ" ಎಂದರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವುದನ್ನು ಮಾರನೆಯ ದಿನದ ಪಯಣಕ್ಕೇ ಇಟ್ಟುಕೊಂಡೆವು.

ಬೆಳಿಗ್ಗೆ ಚಕ್ರದಡಿ ನಾಲ್ಕು ನಿಂಬೆಹಣ್ಣು, ಕಾರಿನೊಳಗೆ ಆರು ಜನ. ಕಾರು ಕೆಮ್ಮಿತು, ಹಿಂದಿನಿಂದ ಢಂ ಎಂದಿತು, ಸುಮ್ಮನಾಯಿತು. ಬೀದಿಯೆಲ್ಲ ಸೇರಿ ತಳ್ಳಿತು. ನಿಂಬೆಹಣ್ಣು ಅಪ್ಪಚ್ಚಿಯಾದವು, ಎಂಜಿನ್ ಜಗ್ಗಲಿಲ್ಲ. ಮೆಕ್ಯಾನಿಕ್ ಹಬ್ಬಕ್ಕೆಂದು ಮಾರ್ಟಳ್ಳಿಗೆ ಹೋಗಿದ್ದ. ಬಾಡಿಗೆ ಕಾರುಗಳೆಲ್ಲ ಹೊರಟುಹೋಗಿದ್ದವು.

"ಅಪಶಕುನ ಕಣಣ್ಣ. ಬ್ಯಾಡ ಅಂತ ಯೋಳ್ಬುಡು" ಎಂದರು ಚಿಕ್ಕಪ್ಪ.

ಅಪ್ಪ ಟವೆಲು ಕೊಡವಿ, "ಲೇ, ಫೋನ್ ಮಾಡ್ಲಾ ಅವರ್ಗೆ. ಇವತ್ತು ಆಗಕಿಲ್ಲ ಅನ್ನು" ಎಂದರು.

ಜೇಬಿನಲ್ಲಿ ಫೋಟೋ ಇಟ್ಟುಕೊಂಡೇ ಒಳಗೆ ಹೋಗಿ ನಂಬರು ತಿರುಗಿಸಿದೆ. ಆ ಕಡೆ ಹೆಣ್ಣುದನಿ. ಮಾಂಬಳ್ಳಿಯಿಂದ, ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂದೆ. ಯಾವ ಕಾರೆಂದು ಕೇಳಿದಳು, ಹೇಳಿದೆ.

"ನಮ್ಮಪ್ಪಾಜಿ ವ್ಯಾನಿಗೂ ಅದೇ ಇಂಜಿನ್ನು. ನೆನ್ನೆ ಪೂಜೆಲಿ ವೈರೇನಾರ ಕಿತ್ರಾ?"

"ಹೂಂ. ಹುಡುಗ ಕಿತ್ತ" ಎಂದೆ, ನಾನು ಯಾರೋ ಚಿಕ್ಕಪ್ಪನೆಂಬಂತೆ.

"ಓದವ್ರಾ?"

"ಬಿ.ಎ."

"ಅದ್ಕೇ. ಸಾಲಾಗಿ ಸಿಗ್ಸವ್ರೆ."

"ಒಂದು, ಎರಡು, ಮೂರು, ನಾಲ್ಕು" ಎಂದೆ.

"ಅದು ಊಟದ ಪಂಕ್ತಿಯಲ್ಲ ಕಣ್ರಿ. ಒಂದಾದ್ಮೇಲೆ ಮೂರು, ಆಮೇಲೆ ನಾಕು, ಕಡೇಲಿ ಎಲ್ಡು. ಅಂಗೆ ಸಿಗ್ಸಕ್ಕೆ ಯೋಳಿ ಅವ್ರಿಗೆ." ತಡೆದು, ದನಿ ತಗ್ಗಿಸಿ, "ಬಿರ್ನೆ ಬನ್ನಿ. ಮಧ್ಯಾನದೋರು ನಂಗೆ ಬ್ಯಾಡ" ಎಂದು ಫೋನ್ ಇಟ್ಟಳು.

ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಕೊಳ್ಳೇಗಾಲ ದಾಟಿ, ಹನೂರು ದಾಟಿ, ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅವರ ಅಂಗಳದಲ್ಲಿದ್ದೆವು. ಅಪ್ಪ ಅಲ್ಲಿದ್ದ ವ್ಯಾನನ್ನೂ ನಮ್ಮ ಕಾರನ್ನೂ ದಾಯಾದಿಗಳೆಂದು ಪರಸ್ಪರ ಪರಿಚಯ ಮಾಡಿಸಿದರು. ಕಾಫಿ ತಂದವಳು ನನ್ನ ಕರಿಬೆರಳು ನೋಡಿ ಮೆಲ್ಲಗೆ, "ಸಿಗ್ಸಿದ್ದೂ ಹುಡುಗನೇ ಅಂತ ಕಾಣ್ತದೆ" ಎಂದಳು.

ಮದುವೆಯಾದಂದಿನಿಂದ ಹಬ್ಬದ ಪಾಯಸವನ್ನು ಅವಳು ಬಡಿಸುವುದು ಅದೇ ಕ್ರಮದಲ್ಲಿ. ಈಗ ನಮ್ಮಲ್ಲಿ ಮೊದಲ ಎಲೆ ಅಮ್ಮನದು, ಎರಡನೆಯದು ನನ್ನದು, ಆಮೇಲೆ ಮಗ, ಸೊಸೆ. ನನ್ನನ್ನು ದಾಟಿ ಹೋಗುವ ಪಾಯಸವನ್ನು ನೋಡುತ್ತ ಕೂರುವುದು ನನಗೆ ವಿಧಿಸಿದ ಶಿಕ್ಷೆಯೆಂದೇ ತಿಳಿದು, ಪ್ರತಿ ಹಬ್ಬಕ್ಕೂ ಪ್ರತಿಭಟಿಸಿದ್ದೇನೆ.

ಇವತ್ತು ಪ್ಲಾಸ್ಟಿಕ್ ಮುಚ್ಚಳಕ್ಕೇ ವಿಭೂತಿ ಹಚ್ಚಿ ಒಳಗೆ ಬಂದವನು ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡು, ನನ್ನ ಎಲೆಗೆ ಅವಳನ್ನು ಕೂರಿಸಿದೆ. ಒಂದು, ಮೂರು, ನಾಲ್ಕು ಎಂದು ಬಡಿಸಿಕೊಂಡು ಎರಡನೆಯ ಎಲೆಗೆ ಬಂದು ನೋಡಿದರೆ, ಗೋಡಂಬಿ, ದ್ರಾಕ್ಷಿಯೆಲ್ಲ ಪಾತ್ರೆಯ ತಳದಲ್ಲಿ ಒಟ್ಟಾಗಿ ಕೂತಿದ್ದವು. ಎಲ್ಲರ ಎಲೆಗೂ ಅಷ್ಟಷ್ಟೇ ಬೀಳುತ್ತದೆಂದು ಈ ಬಿ.ಎ. ಇಷ್ಟು ವರ್ಷ ತಿಳಿದಿತ್ತು.

ಅವಳು ತಲೆ ಎತ್ತಲಿಲ್ಲ. ಭುಜ ಮಾತ್ರ ನಗುತ್ತಿತ್ತು. ನಾನು ಸೌಟು ಬದಿಗಿಟ್ಟು, ಅವಳ ಎಲೆಗೆ ಪಾತ್ರೆಯನ್ನೇ ಬಗ್ಗಿಸಿದೆ.