ವೋಟಿಲ್ಲದ ಕೇರಿಯ ಬಾವಿ

ಮಹಾರಾಜರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಗೆ ನಾನು ಮೊದಲ ಸಲ ನಿಂತಾಗ, ಕಂದಾಯ ಕಟ್ಟುವವರಿಗೆ, ಓದಿಕೊಂಡವರಿಗೆ ಮಾತ್ರ ವೋಟಿತ್ತು. ಹೊಳೆನರಸೀಪುರದಿಂದ ಎತ್ತಿನ ಗಾಡಿಯಲ್ಲಿ ಸುತ್ತಿ ಸುತ್ತಿ ನನ್ನ ಸೊಂಟ ಬಿದ್ದುಹೋಗಿತ್ತು. ಹಳ್ಳಿಮೈಸೂರಿನ ಆಚೆ, ಕಟ್ಟೆಯ ಕೆಸರುನೀರು ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಗಾಡಿ ನಿಲ್ಲಿಸಿದಳು.

“ಊರ ಬಾವಿ ನಾವು ಮುಟ್ಟಂಗಿಲ್ಲ ಬುದ್ಧಿ. ನಮ್ ಕೇರಿಗೊಂದು ಬಾವಿ ತೋಡಿಸ್ಕೊಡಿ.”

“ಗೆದ್ದರೆ ತೋಡಿಸ್ತೀನಿ ಕಣಮ್ಮ. ನಿಮ್ಮೋರ ಕೈಲಿ ವೋಟು ಹಾಕಿಸು.”

“ನಮ್ ಕೇರೀಲಿ ಯಾರ್ಗೂ ವೋಟಿಲ್ವಲ್ಲ ಬುದ್ಧಿ. ಅಂಗಾರೆ ತೋಡ್ಸಾಕಿಲ್ವಾ?”

ಗಾಡಿ ಮುಂದಕ್ಕೆ ಹೊಡೆಸಿದೆ.

ಗೆದ್ದೆ. ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಸಭೆಯಲ್ಲಿ ಬಾವಿ ಕೇಳಿದೆ, ಹಾಸನದ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದೆ. ಅಂತೂ ಕೇರಿಯಲ್ಲಿ ನೀರು ಬಂತು.

ಮುಂದಿನ ಚುನಾವಣೆಗೆ ಹೋದಾಗ ಊರ ಗೌಡರು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು.

“ನೀವು ಒಳ್ಳೇವ್ರೇ ಸಾ. ಆ ಬಾವಿ ಕೆಲ್ಸ ಒಂದು ಮಾಡ್ಬಾರ್ದಿತ್ತು.”

ಸೋತೆ. ಫಲಿತಾಂಶ ತಿಳಿದ ಮೇಲೆ ಆ ದಾರಿಯಲ್ಲೇ ಬರುವಾಗ ಬಾಯಾರಿ ಕೇರಿಯಲ್ಲಿ ಇಳಿದೆ. ಮುದುಕಿ ಹಿಂಜರಿಯುತ್ತಲೇ ನನ್ನ ಬೊಗಸೆಗೆ ನೀರು ಹೊಯ್ದಳು.

“ಗೆದ್ರಾ ಬುದ್ಧಿ?”

“ಸೋತೆ ಕಣಮ್ಮ.”

“ಅಯ್ಯೋ, ಯಾಕೆ?”

ಮತ್ತೆ ಬೊಗಸೆ ಒಡ್ಡಿದೆ. “ಇನ್ನೊಂದಿಷ್ಟು ಹುಯ್ಯಿ” ಎಂದೆ.