ತುಪ್ಪವಿಲ್ಲದ ಒಡಪು

ಶೇಂಗಾ ಹುರಿಯುವ ವಾಸನೆ ಬಂದರೆ ನನಗೆ ಗಂಡಂದಿರ ಹೆಸರುಗಳು ನೆನಪಾಗುತ್ತವೆ. ನನ್ನ ಗಂಡನ ಹೆಸರೊಂದೇ ಅಲ್ಲ, ಉಮರ್ಗಾದ ಒಂದು ಇಡೀ ಓಣಿಯ ಗಂಡಂದಿರ ಹೆಸರು. ನೀವು ಏನೇನೋ ತಿಳಿದುಕೊಳ್ಳುವ ಮೊದಲು ಹೇಳಿಬಿಡುತ್ತೇನೆ.

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಪುಣೆಯಿಂದ ಬಂದ ಮೊಮ್ಮಗಳು ನನ್ನ ಹತ್ತಿರ ಕೂತು, ತಾನು ಇನ್ನೂ ಓದುವುದಿದೆ ಎಂದಳು.

“ಎಂ.ಎ. ಮಾಡ್ಲಕತ್ತೀನಿ ಅಜ್ಜೀ. ಕಥಿ, ಕವಿತಾ ಬರೆಯೋದು ಕಲಿಸ್ತಾರ. ಪೂರಾ ಎರಡು ವರ್ಷ.”

“ಹ್ಯಾಂಗ ಕಲಿಸ್ತಾರ?”

“ನಾವು ಬರದದ್ದು ಎಲ್ಲಾರ ಮುಂದ ಓದಬೇಕು. ಅದರಾಗ ಏನು ಕೆಟ್ಟದ ಅಂತ ಎಲ್ಲಾರೂ ಕೂಡಿ ಹೇಳ್ತಾರ. ಆಮ್ಯಾಲ ಮತ್ತ ಬರೀಬೇಕು. ಕೊನಿಗಿ ಹೊರಗಿನವರು ಬಂದು ಪರೀಕ್ಷಾ ತೊಗೋತಾರ.”

“ಅದು ನಂದು ಆಗ್ಯಾದ,” ಎಂದೆ. ಮೊಮ್ಮಗಳು ನಕ್ಕಳು. ನಾನು ಚೇಷ್ಟೆಗೆ ಹೇಳಿರಲಿಲ್ಲ. ಎರಡು ವರ್ಷ ಹಿಡಿಯುವಂಥದ್ದು ಅದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನನ್ನದು ಒಂದೇ ಬೇಸಿಗೆಯಲ್ಲಿ ಮುಗಿದಿತ್ತು.

ಆಗ ಪೊಲೀಸ್ ಆಕ್ಷನ್ ಆಗಿ ಏಳೆಂಟು ವರ್ಷವಾಗಿತ್ತು. ನಿಜಾಮರು ಹೋಗಿದ್ದರು. ನಾವು ಯಾವ ರಾಜ್ಯಕ್ಕೆ ಸೇರಬೇಕು ಎಂಬುದನ್ನು ನಮ್ಮ ಓಣಿಯ ಗಂಡಸರು ದಿನಾ ಸಂಜೆ ಕಟ್ಟೆಯ ಮೇಲೆ ಕೂತು ತೀರ್ಮಾನಿಸುತ್ತಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ನಾನು ಯಾವ ಊರಿಗೆ ಸೇರಬೇಕು ಎಂಬುದು ಮಾತ್ರ ಅಷ್ಟರಲ್ಲಿ ತೀರ್ಮಾನವಾಗಿತ್ತು. ಉದಗೀರ. ಹುಡುಗನ ಹೆಸರು ಮಲ್ಲಿನಾಥ. ನನ್ನನ್ನೂ ಯಾರೂ ಕೇಳಿರಲಿಲ್ಲ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದರೆ ಹೆಂಗಸರೆಲ್ಲ ಬಾಗಿಲು ಕಟ್ಟಿ ನಿಲ್ಲುತ್ತಾರೆ. ಒಡಪು ಹೇಳದೆ ಒಳಗೆ ಬಿಡುವುದಿಲ್ಲ. ಹಾಗಾಗಿ ಮದುವೆ ಗೊತ್ತಾದ ಹುಡುಗಿಯರೆಲ್ಲ ನೀಲಕ್ಕನ ಹತ್ತಿರ ಹೋಗುತ್ತಿದ್ದೆವು.

ನೀಲಕ್ಕ ನಮ್ಮ ಎದುರು ಮನೆಯ ಅಡತಿ ವ್ಯಾಪಾರಿಯ ತಂಗಿ. ವಯಸ್ಸು ಮೂವತ್ತರ ಆಸುಪಾಸು. ಅಣ್ಣನ ಮನೆಯ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾದ ರಾಶಿ ಸುರಿದಿರುತ್ತಿತ್ತು. ಬಿತ್ತನೆಯದ್ದನ್ನು ಕಾಳಿನ ಸಿಪ್ಪೆ ಹರಿಯದಂತೆ ಕೈಯಿಂದಲೇ ಸುಲಿಯಬೇಕು. ನಾವು ಸುಲಿಯಬೇಕು, ಆಕೆ ಕಲಿಸಬೇಕು, ಇಷ್ಟೇ ಕರಾರು. ಒಡೆದ ಕಾಳನ್ನು ಸಂಜೆ ಹುರಿದು ನಮಗೇ ಹಂಚುತ್ತಿದ್ದಳು. ಕವಿತೆ ಚೆನ್ನಾಗಿ ಬರುತ್ತಿದ್ದ ದಿನ ನಮ್ಮ ಲಕ್ಷ್ಯ ತಪ್ಪಿ ಕಾಳು ಹೆಚ್ಚು ಒಡೆಯುತ್ತಿದ್ದವು.

ಮೊದಲ ದಿನ ನಾನು ಬೆಳ್ಳಿ ತಾಟು, ಬಂಗಾರದ ಹೂವು ಹಾಕಿ ಒಂದು ಒಡಪು ಹೇಳಿದೆ. ನೀಲಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ನಿಮ್ಮ ಮನ್ಯಾಗ ಬೆಳ್ಳಿ ತಾಟ್ ಅದ ಏನು?”

“ಇಲ್ಲ.”

“ಅವರ ಮನ್ಯಾಗ?”

“ಗೊತ್ತಿಲ್ಲ.”

“ಮತ್ತ ಯಾರ ಮನಿ ತಾಟ್ ಎತಗೊಂಡು ಹೊಂಟೀ? ಕಂಡದ್ದು ಹೇಳು.”

ಇನ್ನೊಂದು ಕಾಯಿದೆ ತುಪ್ಪದ್ದು. ನಮ್ಮ ಕಡೆ ಅರ್ಧ ಗಂಡಸರ ಹೆಸರು ‘ಅಪ್ಪ’ ಎಂದೇ ಮುಗಿಯುತ್ತದೆ. ಹೀಗಾಗಿ ಹುಡುಗಿಯರೆಲ್ಲ ನೆಟ್ಟಗೆ ತುಪ್ಪಕ್ಕೆ ಹೋಗುತ್ತಿದ್ದರು. ಹೋಳಿಗೆಗೆ ತುಪ್ಪ, ಅನ್ನಕ್ಕೆ ತುಪ್ಪ, ಕಾರಣವಿಲ್ಲದೆಯೂ ತುಪ್ಪ. “ಇಷ್ಟು ತುಪ್ಪ ಖರೇನೇ ಇದ್ದಿದ್ದರ ನಾವ್ಯಾಕ ಶೇಂಗಾ ಸುಲೀತಿದ್ದೆವು?” ಎಂದು ನೀಲಕ್ಕ ಅದನ್ನು ಬಂದ್ ಮಾಡಿಸಿದ್ದಳು. ಒಬ್ಬಳು ಹೇಳಿದ್ದನ್ನು ಉಳಿದವರು ಜಾಲಾಡಿಸಬೇಕು. ನನ್ನ ಗೆಳತಿಯರು ಆ ಕೆಲಸವನ್ನು ತುಂಬಾ ಪ್ರೀತಿಯಿಂದ ಮಾಡುತ್ತಿದ್ದರು. ನಾನು ಎರಡು ಸಲ ಅತ್ತೆ. ಗಂಡನ ಮುಖ ಇನ್ನೂ ನೋಡಿರಲಿಲ್ಲ, ಆತನ ಹೆಸರಿಗಾಗಿ ಅಳುವುದು ಶುರುವಾಗಿತ್ತು.

ನಮ್ಮ ನಮ್ಮ ಹೆಸರು ಮುಗಿದ ಮೇಲೆ ರೂಢಿಗೆಂದು ಆಕೆ ಇನ್ನೊಂದು ಹೆಸರು ಕೊಡುತ್ತಿದ್ದಳು. ಗುರುಪಾದಪ್ಪ. ನಮ್ಮಲ್ಲಿ ಯಾರೂ ಗುರುಪಾದಪ್ಪನನ್ನು ಮದುವೆಯಾಗುವವರಿರಲಿಲ್ಲ. ಯಾಕೆ ಅದೇ ಎಂದರೆ, “ಉದ್ದ ಹೆಸರ ಅದ. ನಾಲಿಗಿ ಹೊರಳತದ,” ಎನ್ನುತ್ತಿದ್ದಳು. ಬೇಸಿಗೆಯೆಲ್ಲ ಗುರುಪಾದಪ್ಪನನ್ನು ಉಪ್ಪಿಗೆ, ಸೊಪ್ಪಿಗೆ, ಕೊಪ್ಪರಿಗೆಗೆ ಕಟ್ಟಿ ನೋಡಿದೆವು. ಒಂದನ್ನೂ ಆಕೆ ಒಪ್ಪಲಿಲ್ಲ.

ಆಕೆಯ ಗಂಡ ಶಂಕ್ರಪ್ಪ. ಪೊಲೀಸ್ ಆಕ್ಷನ್ನಿನ ಗದ್ದಲದ ಕಾಲದಲ್ಲಿ ಬಂಡಿ ಕಟ್ಟಿಕೊಂಡು ಸರಹದ್ದು ದಾಟಿ ಸೊಲ್ಲಾಪುರದ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಬಂಡಿಯೂ ಬರಲಿಲ್ಲ, ಎತ್ತೂ ಬರಲಿಲ್ಲ, ಸುದ್ದಿ ಮಾತ್ರ ತಪ್ಪದೆ ಬರುತ್ತಿತ್ತು. ಒಬ್ಬರು ಗಿರಣಿಯಲ್ಲಿ ಕಂಡರು, ಇನ್ನೊಬ್ಬರು ಪಂಢರಪುರದಲ್ಲಿ ಕಂಡರು, ಮತ್ತೊಬ್ಬರು ಸತ್ತದ್ದನ್ನೇ ಕಂಡರು. ನೀಲಕ್ಕನ ಹಣೆಯಲ್ಲಿ ಕುಂಕುಮವಿತ್ತು. ಅದು ಇರಬೇಕೋ ಬೇಡವೋ ಎಂದು ಊರು ಇನ್ನೂ ಗೊತ್ತುಮಾಡಿರಲಿಲ್ಲ. ಹಾಗಾಗಿ ಹೆಂಗಸರ ಕೂಟದಲ್ಲಿ ಒಡಪಿನ ಸರದಿ ಆಕೆಯ ತನಕ ಬಂದು, ಮೆಲ್ಲಗೆ ಆಕೆಯನ್ನು ದಾಟಿ ಹೋಗುತ್ತಿತ್ತು. ಊರಿಗೆಲ್ಲ ಹೆಸರು ಕಟ್ಟಿಕೊಟ್ಟವಳನ್ನು ಹೆಸರು ಕೇಳುವವರಿಲ್ಲ.

ಉಡಿಕಿ, ಎಂದರೆ ಎರಡನೆಯ ಮದುವೆ, ನಮ್ಮಲ್ಲಿ ನಡೆಯುತ್ತದೆ. ಅಣ್ಣ ಆಕೆಯನ್ನು ಗುಂಜೋಟಿಯ ಒಬ್ಬ ಮುದುಕನಿಗೆ ಉಡಿಕಿ ಮಾಡಿಕೊಡಲು ಗಟ್ಟಿ ಮನಸ್ಸು ಮಾಡಿದ್ದ. ಆತನ ಹೊಲದ ಬಾವಿಯ ನೀರು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಆತನ ಬಗ್ಗೆ ಯಾರೂ ಬೇರೆ ಗುಣ ಹೇಳಿದ್ದು ನಾನು ಕೇಳಿಲ್ಲ. ನೀಲಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನ್ನ ಮದುವೆ ಮುಗಿದ ಮೇಲೆ ಆಕೆಯದೂ ಮುಗಿಸಿಬಿಡುವುದು ಎಂದು ಅಣ್ಣ ನಮ್ಮ ಅಪ್ಪನ ಮುಂದೆ ಹೇಳಿದ್ದನ್ನು ನಾನೇ ಕೇಳಿದ್ದೆ. ನನಗೆ ಸಂಕಟವಾಯಿತು. ಆ ಮುದುಕನ ಹೆಸರಿಗೆ ಆಕೆ ಒಡಪು ಕಟ್ಟುವುದನ್ನು ನೆನೆಯಲಾರದೆ ಹೋದೆ.

ನನಗೆ ಅರಿಶಿಣ ಹಚ್ಚಿದ ಮಧ್ಯಾಹ್ನ ಅಂಗಳದ ತುಂಬ ಹೆಂಗಸರು. ಒಬ್ಬೊಬ್ಬರೂ ಎದ್ದು ಒಡಪು ಹೇಳುತ್ತಿದ್ದರು. ಎಲ್ಲವೂ ನೀಲಕ್ಕ ಕಟ್ಟಿದವೇ. ಆಕೆ ಒಳಗೆ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತ ತನ್ನ ಸಾಲುಗಳನ್ನು ಕೇಳಿಸಿಕೊಳ್ಳುತ್ತಿದ್ದಳು. ಮೈಗೆಲ್ಲ ಅರಿಶಿಣ ಮೆತ್ತಿದವಳಿಗೆ ಯಾರೂ ಹೊಡೆಯುವುದಿಲ್ಲ ಎಂಬ ಧೈರ್ಯದಿಂದ ನಾನು ಕೂಗಿಬಿಟ್ಟೆ.

“ನೀಲಕ್ಕಾ, ನೀನೂ ಒಂದು ಹೇಳು.”

ಅವ್ವ ನನ್ನ ತೊಡೆ ಚಿವುಟಿದಳು. ನಮ್ಮ ಹಿರಿಯಳೊಬ್ಬಳು, “ರಾಹೂ ದೇ, ಬಿಡು ತಂಗಿ,” ಎಂದಳು. ಹೆಂಗಸರ ಮುಂದೆ ಒಡಪಿನಲ್ಲಿ ಹೇಳಿದ ಹೆಸರು ಹೇಳಿದ್ದೇ; ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಶಂಕ್ರಪ್ಪ ಎಂದರೆ ಆಕೆ ಹಾದಿ ನೋಡುತ್ತ ಅಣ್ಣನ ಮನೆಯಲ್ಲೇ ಮುಪ್ಪಾಗಬೇಕು. ಹೇಳದೇ ಹೋದರೆ ಗುಂಜೋಟಿಯ ಬಾವಿಯ ಮುದುಕ.

ನೀಲಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಚೌಕಟ್ಟು ಹಿಡಿದು, ಪಾಠ ಹೇಳುವ ದನಿಯಲ್ಲೇ ಹೇಳಿದಳು:

“ಎಂಟು ವರ್ಷ ಕದಾ ತೆರದಿಟ್ಟೆ, ಬರದಿದ್ದದ್ದು ನಂದಲ್ಲ ತಪ್ಪ;
ಅದೇ ಕದದಾಗ ನೀರ ಕೇಳಿದವರು ನಿಲಂಗಾದ ಗುರುಪಾದಪ್ಪ.”

ಆಗ ನಮಗೆ ಬೆಳಕಾಯಿತು. ನಿಲಂಗಾದಿಂದ ಶೇಂಗಾ ಖರೀದಿಗೆ ಬರುತ್ತಿದ್ದ, ಹೆಂಡತಿ ತೀರಿಹೋದ ಒಬ್ಬ ವ್ಯಾಪಾರಿ ಇದ್ದ. ನಾವೆಲ್ಲ ಆತನನ್ನು ನಿಲಂಗಾದ ಸಾವುಕಾರ್ರು ಎನ್ನುತ್ತಿದ್ದೆವೇ ಹೊರತು ಹೆಸರು ಕೇಳಿರಲಿಲ್ಲ. ಬಂದಾಗಲೆಲ್ಲ ಹೊಸ್ತಿಲ ಹೊರಗೆ ನಿಂತು ನೀರು ಕೇಳುತ್ತಿದ್ದ. ಆತನಿಗೆ ಅಷ್ಟು ನೀರಡಿಕೆ ಯಾಕೆ ಎಂದು ನಾವು ಯೋಚಿಸಿರಲಿಲ್ಲ.

“ಏ ನೀಲೂ, ಏನು ಅಂದೀ ತಿಳದದ ಏನು?” ಎಂದಳು ಹಿರಿಯಳು.

“ತುಪ್ಪ ಹಾಕಿಲ್ಲಲ್ರೀ,” ಎಂದು ನೀಲಕ್ಕ ಒಳಗೆ ಹೋದಳು. ಒಂದು ಹೋಳಿಗೆ ಸೀದಿತ್ತು.

ಅಣ್ಣ ವಾರಗಟ್ಟಲೆ ಮಾತು ಬಿಟ್ಟ. ಆದರೆ ಅಷ್ಟು ಹೆಂಗಸರ ಬಾಯಿ ಮುಚ್ಚಿಸುವುದು ಯಾವ ಸರಕಾರದಿಂದಲೂ ಆಗುವಂಥದ್ದಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ನೀಲಕ್ಕ ನಿಲಂಗಾಕ್ಕೆ ಹೋದಳು. ಅಲ್ಲಿಯ ಹುಡುಗಿಯರ ಒಡಪಿನಲ್ಲಿಯೂ ತುಪ್ಪ ನಿಂತುಹೋಯಿತೆಂದು ಆಮೇಲೆ ಕೇಳಿದೆ.

ನನ್ನ ಪರೀಕ್ಷೆ ಉದಗೀರದಲ್ಲಾಯಿತು. ಅತ್ತೆಯ ಕಡೆಯವರು ಬಾಗಿಲು ಕಟ್ಟಿ, “ನಾವ್ ಘೇ, ಹೆಸರ ಹೇಳು,” ಎಂದು ಎರಡು ಭಾಷೆಯಲ್ಲಿ ಕೂಗಿದರು. ಬೇಸಿಗೆಯೆಲ್ಲ ಕಟ್ಟಿದ್ದು ಒಂದೂ ನೆನಪಾಗಲಿಲ್ಲ. ಕಂಡದ್ದು ಹೇಳಿದೆ:

“ಉಮರ್ಗಾದಿಂದ ಉದಗೀರಕ ಹಾದ್ಯಾಗೆಲ್ಲ ಧೂಳ;
ಮಲ್ಲಿನಾಥರ ಬಾಗಲಾಗ ನಿಂತೀನಿ, ನೀರ ಕೊಟ್ಟರ ಪುಣ್ಯ ಭಾಳ.”

ಹೆಂಗಸರು ನಗುತ್ತಿರುವಾಗ ನನ್ನ ಪಕ್ಕದಲ್ಲಿ ನಿಂತಿದ್ದ ಮದುಮಗ ಅವರನ್ನು ಸರಿಸಿ ಒಳಗೆ ಹೋಗಿ, ತಾನೇ ಒಂದು ತಂಬಿಗೆ ನೀರು ತಂದುಕೊಟ್ಟ. ಅದಕ್ಕಾಗಿ ನಮ್ಮ ಮನೆಯವರನ್ನು ಬದುಕಿರುವ ತನಕ ಎಲ್ಲರೂ ಆಡಿಕೊಂಡರು. ನಾನು ಮಾತ್ರ ಆ ಗಳಿಗೆಯಿಂದಲೇ ಅವರನ್ನು ಪ್ರೀತಿಸಿದೆ.

ಇಷ್ಟು ಹೇಳಿ ಮುಗಿಸಿದಾಗ ಮೊಮ್ಮಗಳು ನನ್ನ ಮೊಣಕಾಲು ಹಿಡಿದು ಅಲುಗಿಸಿದಳು.

“ಅಜ್ಜೀ, ಈಗ ಒಂದು ಹೊಸದು ಹೇಳು. ಅಜ್ಜನ ಹೆಸರ ಹಾಕಿ.”

ಅಡುಗೆಮನೆಯಲ್ಲಿ ಸೊಸೆಯ ಸೌಟು ನಿಂತಿತು. ಅವರು ತೀರಿಹೋದ ಮೇಲೆ ನನ್ನನ್ನು ಯಾರೂ ಒಡಪು ಕೇಳಿರಲಿಲ್ಲ. ಮದುವೆ ಮನೆಗಳಲ್ಲಿ ಸರದಿ ನನ್ನ ತನಕ ಬಂದು ದಾಟಿ ಹೋಗುತ್ತದೆ. ಪುಣೆಯಲ್ಲಿ ಬೆಳೆದ ಹುಡುಗಿಗೆ ಕೇಳಬಾರದೆಂದು ಗೊತ್ತಿಲ್ಲ. ಗೊತ್ತಿಲ್ಲದ್ದು ಒಳ್ಳೆಯದೇ ಆಯಿತು. ಕಂಡದ್ದು ಹೇಳಿದೆ:

“ಉದಗೀರದ ಮನಿಗಿ ಈಗ ಫರಸಿ ಕಲ್ಲ, ಎಲ್ಲೂ ಇಲ್ಲ ಧೂಳ;
ಮಲ್ಲಿನಾಥರ ತಂಬಿಗಿ ಇಲ್ಲೇ ಅದ, ನೀರಡಿಕಿ ಭಾಳ.”

“ಏನು ಕೆಟ್ಟದ ಹೇಳು,” ಎಂದೆ. “ನಿಮ್ಮ ಕಾಲೇಜಿನ್ಯಾಗ ಹೇಳ್ತಾರಂತಲ್ಲ.”

ಮೊಮ್ಮಗಳು ಏನೂ ಕೆಟ್ಟಿಲ್ಲವೆಂದು ತಲೆ ಅಲ್ಲಾಡಿಸಿದಳು. ಶೇಂಗಾ ಸೀದ ವಾಸನೆ ಬರುತ್ತಿತ್ತು. ಸೊಸೆ ಒಲೆ ಆರಿಸಿ ಹೊರಗೆ ಬಂದು, ನನ್ನ ಮುಂದೆ ಒಂದು ತಂಬಿಗೆ ನೀರು ಇಟ್ಟಳು. ಎತ್ತಿ ಕುಡಿದೆ.