ಪಿಂಟೋರಿಗೆ ಕೊಟ್ಟ ಪೆಟ್ಟಿಗೆ

ಮುನ್ಸೂಚನೆ, ಅಶರೀರವಾಣಿ ಎಂದೆಲ್ಲ ಯಾರಾದರೂ ಶುರು ಮಾಡಿದರೆ ನಾನು ಮುಖಕ್ಕೇ ನಗುತ್ತಿದ್ದವನು. ಅಳೆಯಲು ಬಾರದ್ದು ಇಲ್ಲವೇ ಇಲ್ಲ ಎಂಬುದು ನನ್ನ ವಾದ. ಈಗಲೂ ನಾನೇನು ಪುಕ್ಕಲನಲ್ಲ. ಆದರೆ ದುಬೈಯಲ್ಲಿ ಒಂದು ಶುಕ್ರವಾರ, ಹಾಡಹಗಲೇ ನಡೆದದ್ದನ್ನು ನಿಮ್ಮ ಮುಂದೆ ಇಟ್ಟುಬಿಡುತ್ತೇನೆ. ನಗುವುದಾದರೆ ನಗಿ.

ಡಿಸ್ಕವರಿ ಗಾರ್ಡನ್ಸಿಗೆ ಇನ್ನೂ ಮೆಟ್ರೋ ಬಂದಿರದ ವರ್ಷಗಳು. ನಮ್ಮ ಮನೆ ಅಲ್ಲಿ; ಕೆಲಸ ಊರಾಚೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ. ಸದಸ್ಯರ ಅಭ್ಯಾಸಕ್ಕೆ ಪಿಸ್ತೂಲಿನ ತೋಟಾ ತುಂಬುವುದು ನನ್ನ ಪಾಲಿಗಿತ್ತು. ಹಾರಿಸಿ ಖಾಲಿಯಾದ ಹಿತ್ತಾಳೆ ಕೋಶವನ್ನು ತೊಳೆದು, ಹೊಸ ಮದ್ದು ಹಾಕಿ, ಬಾಯಿಗೆ ಗುಂಡು ಕೂರಿಸಬೇಕು. ಗುಂಡು ಎಷ್ಟು ಒಳಗೆ ಇಳಿಯುತ್ತದೋ ಅದರ ಮೇಲೆ ತೋಟಾದ ಉದ್ದ. ಉದ್ದ ಹೆಚ್ಚಾದರೆ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗಿಡ್ಡವಾದರೆ ಒಳಗೆ ಜಾಗ ಸಾಲದೆ ಒತ್ತಡ ಏರಿ, ಪಿಸ್ತೂಲೇ ಕೈಯಲ್ಲಿ ಸಿಡಿಯಬಹುದು. ಗುಂಡು ಒತ್ತುವ ಯಂತ್ರದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಕ್ಯಾಲಿಪರಿನಲ್ಲಿ ಅಳೆಯುವುದು, ಮತ್ತೆ ತಿರುಗಿಸುವುದು. ಇದರಲ್ಲಿ ನನ್ನನ್ನು ಮೀರಿಸುವವರು ಅಲ್ಲಿರಲಿಲ್ಲ. ಜಂಬವಲ್ಲ, ನಿಜ.

ಆ ದಿನ ಹೊಸ ಬಗೆಯ ಗುಂಡು ಬಂದಿತ್ತು. ತಿರುಪು ಹೊಸದಾಗಿ ಹೊಂದಿಸಿ ಇಪ್ಪತ್ತು ತೋಟಾ ಮಾಡಿ, ಒಂದೊಂದನ್ನೂ ಅಳೆದೆ. ಅಂಕಿ ಕರಾರುವಾಕ್ಕಾಗಿತ್ತು. ಹೊಸ ಗುಂಡಿನ ಮೊದಲ ಪೆಟ್ಟಿಗೆಯನ್ನು ಹಾರಿಸಿ ನೋಡುವವರು ಪಿಂಟೋರು. ಶಿರ್ವದ ಕಡೆಯವರು, ಗುಂಡು ಹಾರಿಸುವ ರೇಂಜಿನ ಮೇಲ್ವಿಚಾರಕರು, ನನ್ನನ್ನು ಈ ಕೆಲಸಕ್ಕೆ ಸೇರಿಸಿದ್ದೂ ಅವರೇ. ಅರ್ಧ ಗಂಟೆ ನನ್ನೆದುರು ಕುಳಿತು ಹರಟಿ, ಪೆಟ್ಟಿಗೆ ಎತ್ತಿಕೊಂಡು “ಯಲ್ಲಾ” ಎಂದು ಹೊರಟರು.

ಮದ್ದಿನ ಕೋಣೆಗೆ ಮೊಬೈಲ್ ಒಯ್ಯುವಂತಿಲ್ಲ. ನನ್ನದು ಹೊರಗಿನ ಲಾಕರಿನಲ್ಲಿ, ಅದರ ಕೀಲಿಕೈ ನನ್ನ ಜೇಬಿನಲ್ಲಿ. ಅಷ್ಟರಲ್ಲಿ ರಿಸೆಪ್ಷನ್‌ನಿಂದ ಕರೆದರು, ಹೆಂಡತಿಯ ಫೋನ್ ಎಂದು.

“ಪಿಂಟೋರಿಗೆ ಎಂತ ಆಯ್ತು? ಆಸ್ಪತ್ರೆಗೆ ಕೊಂಡೋದ್ರಾ?”

“ಅವರಿಗೆಂತ ಆಗ್ಬೇಕು ಮಾರಾಯ್ತಿ? ಈಗಷ್ಟೇ ಇಲ್ಲಿಂದ ಎದ್ದು ಹೋದ್ರು.”

“ಮತ್ತೆ ನೀವೇ ಫೋನ್ ಮಾಡಿ ಅತ್ತದ್ದು? ‘ಗುಂಡು ಗಿಡ್ಡ ಕೂತಿತ್ತು, ಪಿಂಟೋರಿಗೆ ಕೊಡ್ಬಾರ್ದಿತ್ತು’ ಅಂತ ಹೇಳಿ ಇಟ್ಬಿಟ್ರಿ. ವಾಪಸ್ ಮಾಡಿದ್ರೆ ತೆಗಿಲೇ ಇಲ್ಲ!”

ಗುಂಡು ಕೂರುವ ವಿಷಯ ಅವಳಿಗೆ ಗಂಧಗಾಳಿಯೂ ಇಲ್ಲ. ಅಳತೆ ಸರಿ ಇದೆ, ಸರಿ ಇದೆ ಎಂದು ತಲೆ ಹೇಳುತ್ತಲೇ ಇತ್ತು, ಕಾಲು ಕೇಳಲಿಲ್ಲ. ಓಡಿಹೋಗಿ ರೇಂಜಿನ ಬಾಗಿಲ ಬಳಿಯ ಕೆಂಪು ಸ್ವಿಚ್ ಒತ್ತಿದೆ. ಆ ಸೈರನ್ ಕೇಳಿದರೆ ಎಲ್ಲರೂ ಪಿಸ್ತೂಲು ಕೆಳಗಿಡಬೇಕು. ಗುರಿ ಹಿಡಿದಿದ್ದ ಪಿಂಟೋರು ಇಟ್ಟು, ಸಿಡಿಮಿಡಿಗೊಂಡು ತಿರುಗಿದರು.

“ಎಂತ ಮಾರಾಯ, ಮಂಡೆ ಸಮ ಉಂಟಾ ನಿಂಗೆ?”

“ಒಂದೂ ಹಾರಿಸ್ಲಿಲ್ಲ ಅಲ್ವಾ ಪಿಂಟೋರೇ?”

“ನೀನೆಲ್ಲಿ ಬಿಟ್ಟಿ!”

ಬೇರೆ ಕ್ಯಾಲಿಪರಿನಲ್ಲಿ ಅಳೆದೆವು. ಇಪ್ಪತ್ತೂ ಗಿಡ್ಡ! ಬೆಳಿಗ್ಗೆ ಖಾಲಿ ಮುಚ್ಚಿ ಸೊನ್ನೆ ತೋರಿಸುತ್ತದೆಂದು ನೋಡಿಕೊಂಡ ಮೇಲೆ, ತೋಟಾವನ್ನು ಕಚ್ಚಿ ಹಿಡಿಯುವ ನನ್ನ ಕ್ಯಾಲಿಪರಿನ ದವಡೆಗೆ ಹಿತ್ತಾಳೆಯ ಚೂರೊಂದು ಅಂಟಿತ್ತು. ನಡುವೆ ಒಮ್ಮೆಯೂ ಒರೆಸದೆ, ಪ್ರತಿ ತೋಟಾದ ಜೊತೆ ಅದನ್ನೂ ಸೇರಿಸಿ ಅಳೆದಿದ್ದೆ. ಚೂರು ಎಷ್ಟು ದಪ್ಪವೋ ತೋಟಾ ಅಷ್ಟು ಗಿಡ್ಡ. ನಾಚಿಕೆಯಿಂದ ನೆಲ ನೋಡುತ್ತಾ ನಿಂತೆ. ಪಿಂಟೋರು ಬೈಯಲಿಲ್ಲ. ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು ಶಿಲುಬೆಯ ಗುರುತು ಹಾಕಿಕೊಂಡರು.

ಆಮೇಲೆ ಲಾಕರ್ ತೆರೆದೆ. ಮೊಬೈಲಿನಲ್ಲಿ ಅವಳು ವಾಪಸ್ ಮಾಡಿದ ಮೂರು ಕರೆಗಳಿದ್ದವು. ಅವುಗಳ ಕೆಳಗೆ, ನನ್ನಿಂದ ಅವಳಿಗೆ ಹೋದ ಒಂದು ಕರೆ. ಆ ಹೊತ್ತಿಗೆ ನಾನು ಪಿಂಟೋರೊಡನೆ ಹರಟುತ್ತಿದ್ದೆ. ಅದಕ್ಕೆ ಅವರೇ ಸಾಕ್ಷಿ.

ಯಾರೋ ಕಳ್ಳ ಕೀಲಿಕೈ ಹಾಕಿರಬಹುದು ಎಂದು ವಾದಿಸಿ ನೋಡಿದೆ. “ಗಂಡನ ಸ್ವರ ನಂಗೆ ಗೊತ್ತಾಗುದಿಲ್ವಾ?” ಎಂದು ಹೆಂಡತಿ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದಳು. ಕೆಲಸದಲ್ಲಿ ನನಗೆ ಈಗಲೂ ಅಳುಕಿಲ್ಲ. ಪ್ರತಿ ಅಳತೆಗೂ ದವಡೆ ಒರೆಸುತ್ತೇನೆ, ಖಲಾಸ್. ಪಿಂಟೋರಿಗೆ ಅಂದು ಏನೂ ಆಗಲಿಲ್ಲ, ನಾನು ಅಳಲೂ ಇಲ್ಲ. ಹಾಗಾದರೆ ನನ್ನ ಸ್ವರದಲ್ಲಿ ಅಷ್ಟೊಂದು ಅತ್ತವನು ಯಾರು?